ನವಲಗುಂದದಿಂದ ಇಳಕಲ್ಲಿಗೆ



ಕಮರಿಪೇಟೆಯ ನಮ್ಮ ಕೇಂದ್ರದಲ್ಲಿ ನೀವೆಲ್ಲ ಅಕ್ಷರ ಕಲಿತಿದ್ದೀರಿ. ಕಲಿತ ಅಕ್ಷರ ಪುಸ್ತಕದಾಗ ಉಳಿದರ ಸಾಕೇನು? ಊರು ನೋಡಲಿಕ್ಕೂ, ಸಂತಿ ಮಾಡಲಿಕ್ಕೂ ಅದು ಬೇಕು. ಅದಕ್ಕೇ ನಾವು ಕೂಡಿ ನೋಡಿಬಂದ ಊರುಗಳ ಮಾತು ಹೇಳುತ್ತೇವೆ.

ಹುಬ್ಬಳ್ಳಿಯ ಬಸ್ ನಿಲ್ದಾಣಕ್ಕೆ ಹೋದೆವು. ನಮ್ಮ ಅಕ್ಕಂದಿರು ಯಾರನ್ನೂ ಕೇಳಲಿಲ್ಲ. ತಾವೇ ಬೋರ್ಡು ಓದಿದರು. ಬಾ-ದಾ-ಮಿ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ರೊಕ್ಕವಿಲ್ಲ. ಗುರುತಿನ ಚೀಟಿ ತೋರಿಸಿದರೆ ಆಯಿತು. ಇದೇ ಶಕ್ತಿ ಯೋಜನೆ.

ಮೊದಲು ಸಿಕ್ಕ ಊರು ನವಲಗುಂದ. ಇಲ್ಲಿನ ಜಮಖಾನ ಹೆಸರುವಾಸಿ. ಅದನ್ನು ನೇಯುವವರು ಹೆಣ್ಣುಮಕ್ಕಳೇ. ಮನೆಯೊಳಗೇ ನೆಟ್ಟಗೆ ನಿಂತ ಮಗ್ಗ. ಅದರ ಮುಂದೆ ಕುಳಿತು ನವಿಲು, ಹೂವು ಮೂಡಿಸುತ್ತಾರೆ. ಆದರೆ ನೇಯುವ ಕೈಗಳು ಈಗ ಬಹಳ ಕಡಿಮೆ.

ಮುಂದೆ ಬಾದಾಮಿ. ಕೆಂಪು ಕಲ್ಲಿನ ಗುಡ್ಡ, ನಡುವೆ ಅಗಸ್ತ್ಯತೀರ್ಥದ ಹೊಂಡ. ದಂಡೆಯ ಮೇಲೆ ಭೂತನಾಥ ಗುಡಿ. ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಅರಿವೆ ಒಗೆಯುತ್ತಿದ್ದರು. ಗುಡ್ಡದ ಮೂರನೇ ಗವಿಯಲ್ಲಿ ಚಾಲುಕ್ಯರು 578ರಲ್ಲಿ ಬರೆಸಿದ ಶಾಸನವಿದೆ.

ಹೊಂಡದ ಹತ್ತಿರದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಅದಕ್ಕೆ ಸುಮಾರು 1300 ವರ್ಷ. ಆ ಕಾಲದ ಅಕ್ಷರ ಬೇರೆ, ನಮಗ್ಯಾರಿಗೂ ಓದಲು ಬರಲಿಲ್ಲ. ಆದರೆ ಅದರಲ್ಲಿ ಕನ್ನಡದ ತ್ರಿಪದಿ ಇದೆ. ತ್ರಿಪದಿ ಅಂದರ ಏನು? ನಮ್ಮ ಅವ್ವಂದಿರು ಬೀಸುವಾಗ ಹಾಡುತ್ತಿದ್ದ ಮೂರು ಸಾಲಿನ ಹಾಡು. ಅಕ್ಷರ ಬಾರದ ಹೆಣ್ಣುಮಕ್ಕಳು ಕಲ್ಲಿನಷ್ಟೇ ಗಟ್ಟಿಯಾಗಿ ಅದನ್ನು ಉಳಿಸಿದರು!

ಅಲ್ಲಿಂದ ಗುಳೇದಗುಡ್ಡ. ನಾವು ಕುಬಸಕ್ಕೆ ಹೊಲಿಸುವ ಖಣ ಈ ಊರಿನದು. ಆಮೇಲೆ ಇಳಕಲ್ಲು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿ ತೆನೆ, ಹಣಿಗೆ, ಕೋಟೆಯ ತೆನೆಗಳು ಮೂಡುತ್ತವೆ.

ದೂರದ ಗ್ವಾಟೆಮಾಲಾ ದೇಶದಲ್ಲೂ ಹೀಗೇ. ಅಲ್ಲಿನ ಗುಡ್ಡದ ನಾಡಿನಲ್ಲಿ ಅಟಿಟ್ಲಾನ್ ಎಂಬ ಸರೋವರವಿದೆ. ಮಾಯಾ ಹೆಣ್ಣುಮಕ್ಕಳು ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ನೇಯುತ್ತಾರೆ. ಚಿಚಿಕಾಸ್ಟೆನಾಂಗೊ ಎಂಬ ಊರಿನಲ್ಲಿ ಗುರುವಾರ, ಭಾನುವಾರ ದೊಡ್ಡ ಸಂತೆ. ಅಲ್ಲಿಯೂ ಒಂದೊಂದು ಊರಿಗೆ ಒಂದೊಂದು ನೇಯ್ಗೆ.

ಈಗ ರೊಕ್ಕದ ಮಾತು. ಅಂಗಡಿಯಲ್ಲಿ ನಾವು ಚೌಕಾಸಿ ಮಾಡುತ್ತೇವೆ. ಮಾಡಬೇಕು ಕೂಡ. ಆದರೆ ಒಂದು ಸೀರೆಯ ಹಿಂದೆ ಇಡೀ ಮನೆಯ ದುಡಿಮೆ ಇರುತ್ತದೆ. ಗಂಡ ಮಗ್ಗದ ಕುಣಿಯಲ್ಲಿ ಕೂತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಆಕೆಯ ಕೂಲಿಯನ್ನು ಯಾರು ಲೆಕ್ಕ ಹಿಡಿಯುತ್ತಾರೆ? ಅಡುಗೆ, ಕಸ, ಮುಸುರೆಯ ಹಾಗೆ ಅದೂ ಲೆಕ್ಕಕ್ಕೆ ಬಾರದ ಕೆಲಸವಾಗಿಬಿಡುತ್ತದೆ.

ಪವರ್‌ಲೂಮಿನ ಸೀರೆ ಅಗ್ಗ. ಕೈಯಾಗ ಇದ್ದಷ್ಟು ರೊಕ್ಕಕ್ಕ ಅದನ್ನು ಕೊಂಡರೆ ತಪ್ಪಿಲ್ಲ. ಆದರೆ ಕೈಮಗ್ಗದ ಬೆಲೆ ಕೊಟ್ಟು ಪವರ್‌ಲೂಮಿನದನ್ನು ತರಬಾರದು. ಕೈಮಗ್ಗದ ಬಟ್ಟೆಗೆ ಸರ್ಕಾರ 2006ರಲ್ಲಿ ಒಂದು ಗುರುತಿನ ಚೀಟಿ ತಂದಿದೆ. ಚೀಟಿ ಇದೆಯೇ ನೋಡಿರಿ. ಇಲ್ಲವಾದರೆ ಕೇಳಿರಿ. ರಸೀದಿಯಲ್ಲಿ "ಕೈಮಗ್ಗ" ಎಂದು ಬರೆಯಿಸಿರಿ. ಬರೆದದ್ದನ್ನು ಅಲ್ಲೇ ನಿಂತು ಓದಿರಿ.

ನೀವು ಓದುತ್ತೀರಿ ಅಂತ ಗೊತ್ತಾದರೆ ಅಂಗಡಿಯವನು ನಿಮ್ಮನ್ನು ಮೋಸಮಾಡಲು ಹಿಂದೆಮುಂದೆ ನೋಡುತ್ತಾನೆ. ನೇಯ್ದ ಅಕ್ಕನಿಗೂ ನ್ಯಾಯದ ಬೆಲೆ ಸಿಗಲು ಅದು ದಾರಿಯಾಗುತ್ತದೆ.

ಬರುವ ವಾರ ನಿಮ್ಮ ಮನೆಯ ಒಂದು ಸೀರೆ ತಗೊಂಡು ಬರ್ರಿ. ಅದು ಎಲ್ಲಿ ನೇಯ್ದದ್ದು, ಎಷ್ಟಕ್ಕೆ ಕೊಂಡದ್ದು ಎಂದು ನಾಲ್ಕು ಸಾಲು ಬರೆಯೋಣ.