ಗರ್ಭಿಣಿಯ ರಕ್ತಪರೀಕ್ಷೆ: ಸಂಶಯವಲ್ಲ, ಸಂರಕ್ಷಣೆ




ನಾವಿಂದು ಮಾತನಾಡಲಿರುವ ವಿಷಯವು ನಮ್ಮ ಮನೆಗಳಲ್ಲಿ ಹೆಸರೆತ್ತಲೂ ಹಿಂಜರಿಯುವಂತಹದು. ಸಿಫಿಲಿಸ್ ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ಅದರ ಹೆಸರು ಕೇಳಿದೊಡನೆ ನಾವು ಚಾರಿತ್ರ್ಯದ ಕುರಿತು ಯೋಚಿಸುತ್ತೇವೆಯೇ ಹೊರತು ಗರ್ಭದಲ್ಲಿರುವ ಶಿಶುವಿನ ಕುರಿತಲ್ಲ. ಆದರೆ ಈ ರೋಗವು ತಾಯಿಯಿಂದ ಶಿಶುವಿಗೆ ದಾಟುತ್ತದೆ. ಗರ್ಭಪಾತ, ನಿರ್ಜೀವ ಜನನ, ಕಣ್ಣು, ಕಿವಿ, ಎಲುಬುಗಳ ವೈಕಲ್ಯ ಇವೆಲ್ಲ ಅದರ ಪರಿಣಾಮಗಳು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 6,61,000 ಜನ್ಮಜಾತ ಸಿಫಿಲಿಸ್ ಪ್ರಕರಣಗಳು ಸಂಭವಿಸಿದವೆಂದೂ ಅವುಗಳಲ್ಲಿ ಎರಡು ಲಕ್ಷಕ್ಕೂ ಅಧಿಕ ಶಿಶುಗಳು ಗರ್ಭದಲ್ಲಿಯೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ಅಸುನೀಗಿದವೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಪರಿಹಾರವೇನೂ ಕ್ಲಿಷ್ಟವಲ್ಲ. ಕೆಲವು ಹನಿ ರಕ್ತದಿಂದ ರೋಗವನ್ನು ಪತ್ತೆಹಚ್ಚಬಹುದು. ಆರಂಭದ ಹಂತದಲ್ಲಿ ಬೆಂಜಥೀನ್ ಪೆನಿಸಿಲಿನ್‌ನ ಒಂದು ಚುಚ್ಚುಮದ್ದು, ಹಳೆಯ ಸೋಂಕಿಗೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು ಸಾಕು. ಆದರೆ ಹೆರಿಗೆಗೆ ಕನಿಷ್ಠ ಒಂದು ತಿಂಗಳು ಮುಂಚೆಯೇ ಅದು ದೊರೆಯಬೇಕು. ಬಹಳಷ್ಟು ಸ್ತ್ರೀಯರಲ್ಲಿ ಯಾವ ಲಕ್ಷಣವೂ ಕಾಣಿಸದು. ಆದ್ದರಿಂದಲೇ ಪ್ರತಿಯೊಬ್ಬ ಗರ್ಭಿಣಿಯ ಪರೀಕ್ಷೆ ಅಗತ್ಯ.

ಇದರ ಮೇಲ್ವಿಚಾರಣೆಗೆ ವಿಶ್ವ ಆರೋಗ್ಯ ಸಂಸ್ಥೆ ಮಾನದಂಡಗಳನ್ನಿರಿಸಿದೆ. ಶೇ. 95ರಷ್ಟು ಗರ್ಭಿಣಿಯರು ತಪಾಸಣೆಗೆ ಬರಬೇಕು, ಶೇ. 95 ಮಂದಿಯ ರಕ್ತಪರೀಕ್ಷೆಯಾಗಬೇಕು, ಸೋಂಕಿತರಲ್ಲಿ ಶೇ. 95 ಮಂದಿಗೆ ಚಿಕಿತ್ಸೆ ದೊರೆಯಬೇಕು. ಒಂದು ಲಕ್ಷ ಜೀವಂತ ಜನನಗಳಿಗೆ ಜನ್ಮಜಾತ ಪ್ರಕರಣಗಳು ಐವತ್ತನ್ನು ಮೀರಬಾರದು. 2015ರಲ್ಲಿ ಕ್ಯೂಬಾ ಮೊತ್ತಮೊದಲು ಈ ಮಾನ್ಯತೆ ಪಡೆಯಿತು. 2018ರಲ್ಲಿ ಮಲೇಶ್ಯ, 2019ರಲ್ಲಿ ಮಾಲ್ದೀವ್ಸ್ ಮತ್ತು ಶ್ರೀಲಂಕಾ, 2022ರಲ್ಲಿ ಒಮಾನ್ ಆ ಸಾಲಿಗೆ ಸೇರಿದವು. ಅತ್ತ ಸಂಪದ್ಭರಿತ ಅಮೆರಿಕದಲ್ಲಿ 2023ರಲ್ಲಿ 3,882 ಪ್ರಕರಣಗಳು ವರದಿಯಾದವು. ಸಂಪತ್ತೊಂದೇ ಶಿಶುವನ್ನು ಕಾಪಾಡದು ಎಂಬುದಕ್ಕೆ ಬೇರೆ ಪುರಾವೆ ಬೇಕೇ?

‘ನಮ್ಮ ಹೆಣ್ಮಕ್ಕಳಿಗೆ ಇಂತಹ ಪರೀಕ್ಷೆಯೇಕೆ?’ ಎಂದು ಕೇಳುವವರಿದ್ದಾರೆ. ಮಲೇಶ್ಯ, ಮಾಲ್ದೀವ್ಸ್, ಒಮಾನ್‌ಗಳ ಮುಸ್ಲಿಮ್ ತಾಯಂದಿರು ಈ ಪರೀಕ್ಷೆಗೆ ಒಳಗಾದುದರಿಂದ ಅವರ ಮಾನಕ್ಕೆ ಕುಂದುಂಟಾಯಿತೇ? ಪತಿವ್ರತೆಯಾದ ಹೆಣ್ಣಿಗೂ ಪತಿಯಿಂದ ಸೋಂಕು ತಗಲಬಹುದು. ಪತ್ನಿಯೊಬ್ಬಳಿಗೇ ಚಿಕಿತ್ಸೆ ನೀಡಿ ಪತಿ ನುಣುಚಿಕೊಂಡರೆ ಸೋಂಕು ಮರುಕಳಿಸುತ್ತದೆ. ಅಲ್ಲದೆ, ಈ ಪರೀಕ್ಷೆಗಳಲ್ಲಿ ಕೆಲವು, ರೋಗವಿಲ್ಲದವರಲ್ಲೂ ಇದೆಯೆಂದು ತೋರಿಸುವುದುಂಟು. ಎಂದೋ ವಾಸಿಯಾದ ಸೋಂಕಿನ ಗುರುತೂ ಉಳಿದಿರಬಹುದು. ಹೀಗಿರುವಾಗ ಒಂದು ಚೀಟಿಯನ್ನು ಹಿಡಿದು ಸೊಸೆಯನ್ನು ತವರಿಗಟ್ಟುವುದು ಯಾವ ನ್ಯಾಯ? ಅತಿಯಾದ ಸಂಶಯ, ಪರರ ಗುಟ್ಟು ಕೆದಕುವಿಕೆ, ಪರನಿಂದೆ ಇವು ಮೂರನ್ನೂ ಸೂರಃ ಅಲ್ ಹುಜುರಾತ್ ಒಂದೇ ಸೂಕ್ತದಲ್ಲಿ ನಿಷೇಧಿಸಿದೆಯೆಂಬುದನ್ನು ನಾವು ಮರೆಯಬಾರದು.

ಸರಕಾರಕ್ಕೂ ಹೊಣೆಯಿದೆ. ಪರೀಕ್ಷೆ ನಡೆಸಿ ಔಷಧಿ ಒದಗಿಸದಿದ್ದರೆ ಅಂಕಿ-ಅಂಶಗಳಿಂದ ಪ್ರಯೋಜನವಿಲ್ಲ. ಫಲಿತಾಂಶದ ಗುಟ್ಟು ಆಸ್ಪತ್ರೆಯ ಜಗಲಿಯಲ್ಲಿ ಬಯಲಾದರೆ ಮರುದಿನ ಯಾರೂ ಅತ್ತ ಸುಳಿಯಲಾರರು. ಔಷಧಿಯನ್ನೂ ಗೌಪ್ಯತೆಯನ್ನೂ ನಾವು ಹಕ್ಕಾಗಿ ಕೇಳಬೇಕು.

ನಮ್ಮ ಜಮಾಅತ್‌ಗಳಲ್ಲಿ ನಮ್ಮ ವಿನಂತಿ ಇಷ್ಟೇ. ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರ ಉಚಿತ ತಪಾಸಣೆಗೆ 2016ರಲ್ಲಿ ಕೇಂದ್ರ ಸರಕಾರವು ಯೋಜನೆ ಆರಂಭಿಸಿತು. ಖುತ್ಬಾದ ಬಳಿಕ ಖತೀಬರು ಇಂತಹ ಸೌಲಭ್ಯಗಳ ಕುರಿತು ಎರಡು ಮಾತು ಹೇಳಲಿ. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲೇ ಪತಿಯು ಪತ್ನಿಯ ಜೊತೆಗೆ ಹೋಗಲಿ, ವೈದ್ಯರು ಹೇಳಿದರೆ ತಾನೂ ತೋಳು ಚಾಚಲಿ. ಗರ್ಭದಲ್ಲಿರುವ ಶಿಶು ಯಾವ ತಪ್ಪನ್ನೂ ಮಾಡಿಲ್ಲ. ನಮ್ಮ ಮೌನಕ್ಕೆ ಅದು ಬೆಲೆ ತೆರುವಂತಾಗಬಾರದು.

ಅಲ್ಲಾಹನು ನಮಗೆ ಸದ್ಬುದ್ಧಿಯನ್ನು ಅನುಗ್ರಹಿಸಲಿ. ಆಮೀನ್.