ಒಂದು ಬೋರು, ನಾಲ್ಕು ತೋಟ



ಕಂಪ್ಯೂಟರು ಒಂದೇ ಹೊತ್ತಿಗೆ ಹತ್ತು ಕೆಲಸ ಹೇಗೆ ಮಾಡುತ್ತದೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಾದ ನಮಗೆ ಉತ್ತರ ತೋಟದಲ್ಲೇ ಇದೆ. ಒಂದು ಬೋರು, ನಾಲ್ಕು ತೋಟ ಎಂದುಕೊಳ್ಳಿ. ಬೋರು ಎಂದರೆ ಪ್ರೊಸೆಸರು, ತೋಟಗಳೆಂದರೆ ಪ್ರೋಗ್ರಾಮುಗಳು.

ವಿಂಡೋಸ್ 3.1ರಲ್ಲೂ ಹಳೆಯ ಮ್ಯಾಕ್‌ನಲ್ಲೂ ಪ್ರತಿ ಪ್ರೋಗ್ರಾಮು ತಾನಾಗಿಯೇ ನೀರು ಬಿಟ್ಟುಕೊಡಬೇಕಿತ್ತು. ಒಬ್ಬ ವಾಲ್ವ್ ತಿರುಗಿಸದೆ ಮಲಗಿದರೆ ಉಳಿದ ಮೂರು ತೋಟ ಒಣಗುತ್ತಿದ್ದವು. ಅದೇ ‘ಹ್ಯಾಂಗ್’. ಲಿನಕ್ಸ್‌ನಲ್ಲಿ ಮೊದಲಿನಿಂದಲೂ ನೀರುಗಂಟಿ ಇದ್ದ. ಮನೆಬಳಕೆಯ ವಿಂಡೋಸ್‌ಗೆ 1995ರಲ್ಲಿ, ಮ್ಯಾಕ್‌ಗೆ 2001ರಲ್ಲಿ ಬಂದ. ಗಡಿಯಾರ ನೋಡಿ, ಸೆಕೆಂಡಿನ ಸಣ್ಣ ಪಾಲಿನಲ್ಲೇ ಸರದಿ ಬದಲಿಸುವುದು ಅವನ ಕೆಲಸ.

ಈಗ ಮೂರರಲ್ಲೂ ಸರದಿ ತಪ್ಪುವುದಿಲ್ಲ. ಆದರೂ ಹಳೆಯ ಯಂತ್ರ ತಡವರಿಸುವುದೇಕೆ? ಬಹಳ ಸಲ ತೊಟ್ಟಿ ಚಿಕ್ಕದಾಗಿರುತ್ತದೆ. ರ‍್ಯಾಮ್ ಸಾಲದಾಗ ಕಂಪ್ಯೂಟರು ನಿಧಾನವಾದ ಹಾರ್ಡ್‌ಡಿಸ್ಕಿಗೆ ಮತ್ತೆ ಮತ್ತೆ ಓಡಬೇಕಾಗುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಶಾಲೆಯ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮೊದಲು ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಕೂರಿಸಿ, ಹಗುರವಾದ ಲಿನಕ್ಸ್ ಹಾಕಿ ನೋಡೋಣ. ಯಂತ್ರ ತಡವರಿಸಿದಾಗ ಹಳ್ಳಿಯ ಮಗು ‘ನನಗೆ ಕಂಪ್ಯೂಟರು ಬರೋದಿಲ್ಲ’ ಅಂದುಕೊಂಡು ಹಿಂದಿನ ಬೆಂಚಿಗೆ ಸರಿಯುತ್ತದೆ. ಹಾಗಾಗಬಾರದು.