ಬೆವರು ಕಾಣದ ಬಿಸಿಲು

ಮುದನಾಳದಿಂದ ಮಾತಾಡ್ತಿದ್ದೀನಿ. ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್ ಮಾಡ್ಬೇಕು, ಇಲ್ಲಾಂದ್ರ ಅದರ ಸದ್ದೆಲ್ಲಾ ಮೈಕಿನ್ಯಾಗ ಬರ್ತದ. ಹಂಗಾಗಿ ಇವತ್ತಿನ ಎಪಿಸೋಡ್ ಸಣ್ಣದು.

ಹೊರಗ ಹೋಗಬ್ಯಾಡ್ರಿ ಅಂತ ಹೇಳಾಕ ನಾ ಬಂದಿಲ್ಲ. ಆ ಮಾತು ಮನ್ಯಾಗ ದಿನಾ ಕೇಳ್ತೀರಿ. ರಜಾ ಇರೋದೇ ಬ್ಯಾಸಿಗ್ಯಾಗ, ಆಡ್ಲಿಲ್ಲ ಅಂದ್ರ ಹೆಂಗ? ಆದ್ರ ಯಾವಾಗ ಹೋಗ್ಬೇಕು, ಏನು ಒಯ್ಬೇಕು, ಯಾವ ಗುರುತು ಕಂಡ್ರ ಆಟ ನಿಲ್ಲಿಸ್ಬೇಕು, ಇದು ಗೊತ್ತಿರ್ಬೇಕು.

ಏಪ್ರಿಲ್, ಮೇ ತಿಂಗಳಾಗ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ ನಡೀತಾವ. ಅಂದ್ರ ಸರ್ಕಾರನೂ ಈ ಬಿಸಿಲಿಗೆ ತಲಿಬಾಗ್ಯದ. ನಮ್ಮ ಟೆನಿಸ್ ಬಾಲ್ ಟೂರ್ನಮೆಂಟಿನ ಫೈನಲ್ ಮಾತ್ರ ಮಧ್ಯಾಹ್ನ ಎರಡಕ್ಕ!

ಅಂಥದ್ದೇ ಒಂದು ಮ್ಯಾಚಿನ್ಯಾಗ ಬೌಂಡರಿ ಹತ್ರ ನಿಂತಿದ್ದ ಹುಡುಗ ಒಬ್ಬ ತಪ್ಪು ದಿಕ್ಕಿಗೆ ಬಾಲ್ ಒಗೆದ. ಆಮ್ಯಾಲ ಏನೇನೋ ಬಡಬಡಿಸಾಕತ್ತಿದ. ಎಲ್ಲರೂ ನಕ್ಕರು, "ಕುಡದಾನ ನೋಡೋ" ಅಂದ್ರು. ಅವ ಕುಡಿದಿರಲಿಲ್ಲ, ಅವನಿಗೆ ಬಿಸಿಲು ಬಡದಿತ್ತು. ನೋಡಾಕ ಬಂದಿದ್ದ ಒಬ್ಬ ದೊಡ್ಡವರು ಓಡಿ ಹೋಗಿ ನೆರಳಿಗೆ ಎಳಕೊಂಡು, ಕೊಡದ ನೀರು ಮೈಮ್ಯಾಲ ಸುರುವಿದ್ರು. ಹುಡುಗ ಉಳಿದ.

ಇದನ್ನ ನೆನಪಿಡ್ರಿ. ಬಿಸಿಲಾಗ ತಲಿ ಸುತ್ತೋದು, ಕಾಲು ಹಿಡಿಯೋದು, ವಾಂತಿ ಬಂದಂಗ ಆಗೋದು ಮೊದಲನೇ ಎಚ್ಚರಿಕಿ. ಅಲ್ಲೇ ಆಟ ಬಿಟ್ಟು, ನೆರಳಿಗೆ ಬಂದು ನೀರು ಕುಡಿರಿ. ಆದ್ರ ಮಾತು ತಪ್ಪಿತು, ಎಲ್ಲಿದೀನಿ ಅಂತ ತಿಳೀವಲ್ದು, ಪ್ರಜ್ಞೆ ಹೋಯ್ತು ಅಂದ್ರ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಉಷ್ಣತೆ 40 ಡಿಗ್ರಿ ದಾಟಿರ್ತದ. ಮೈ ಬೆವರ್ತಿದ್ರೂ ಹಿಂಗಾಗಬಹುದು. 108ಕ್ಕೆ ಫೋನ್ ಹಚ್ರಿ, ಆದ್ರ ಗಾಡಿ ಬರೋತನಕ ಸುಮ್ನ ಕೂಡಬ್ಯಾಡ್ರಿ. ಅಂಗಿ ಬಿಚ್ಚಿ, ಮೈತುಂಬ ನೀರು ಹಾಕಿ, ಗಾಳಿ ಬೀಸ್ರಿ. ನಮ್ಮ ಒಣ ಹವಾದಾಗ ಒದ್ದಿ ಮೈಗೆ ಗಾಳಿ ಹಾಕಿದ್ರ ಭಾಳ ಲಗೂ ತಂಪಾಗ್ತದ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬ್ಯಾಡ್ರಿ, ಉಸಿರಿನ ಕೊಳವಿಗೆ ಹೋಗ್ತದ. ಪ್ಯಾರಾಸಿಟಮಾಲ್ ಕೊಡಬ್ಯಾಡ್ರಿ, ಇದು ಜ್ವರ ಅಲ್ಲ.

ಒಣ ಹವಾ ಅಂದೆ ಅಲ್ಲ, ಮೋಸ ಇರೋದೇ ಅಲ್ಲಿ. ಮಂಗಳೂರಾಗ ಹತ್ತು ಹೆಜ್ಜಿ ನಡದ್ರ ಅಂಗಿ ತೋಯ್ತದ. ನಮ್ಮ ಕಡೆ ಬೆವರು ಬಂದಂಗ ಆರಿ ಹೋಗ್ತದ, ಅಂಗಿ ಮ್ಯಾಲ ಬರೀ ಬಿಳಿ ಉಪ್ಪಿನ ಗೆರಿ ಉಳೀತದ. ಹಂಗಾಗಿ ನಾ ಏನೂ ಬೆವರಿಲ್ಲ ಅನ್ನಿಸ್ತದ. ಬಿ.ಕಾಂ ಓದಿದವ ನಾನು, ಲೆಕ್ಕ ಹೇಳ್ತೀನಿ. ಬಿಸಿಲಾಗ ಜೋರು ಓಡಾಡಿದ್ರ ತಾಸಿಗೆ ಒಂದು ಲೀಟರ್ ಬೆವರು ಹೋಗೋದು ದೊಡ್ಡ ಮಾತಲ್ಲ. ನೀವು ತಂದಿದ್ದು ಅರ್ಧ ಲೀಟರ್ ಬಾಟ್ಲಿ, ಆಡೋದು ಎರಡು ತಾಸು. ಬ್ಯಾಲೆನ್ಸ್ ಶೀಟ್ ನೀವೇ ಹಾಕ್ಕೊಳ್ರಿ.

ಬರೀ ನೀರಲ್ಲ, ಉಪ್ಪೂ ಬೇಕು. ಉಪ್ಪು ಹಾಕಿದ ಮಜ್ಜಿಗಿ, ಅಂಬಲಿ ಚಲೋ. ಉಳ್ಳಾಗಡ್ಡಿ ಕಿಸೆದಾಗ ಇಟ್ಕೊಂಡ್ರ ಬಿಸಿಲು ಬಡಿಯಂಗಿಲ್ಲ ಅಂತಾರ. ನನ್ನ ಕೇಳಿದ್ರ, ಅದು ಕಿಸೆದಾಗ ಇದ್ದು ಏನೂ ಮಾಡಂಗಿಲ್ಲ, ರೊಟ್ಟಿ ಜೋಡಿ ತಿನ್ರಿ. ಓಆರ್‌ಎಸ್ ತಗೊಂಡ್ರ ಪ್ಯಾಕೆಟ್ ಓದ್ರಿ. ಸಕ್ಕರಿ ನೀರಿನ ಡಬ್ಬಿ ಮ್ಯಾಲೂ ಓಆರ್‌ಎಸ್ ಅಂತ ಬರೀತಿದ್ರು. 2025ರ ಅಕ್ಟೋಬರ್‌ನಾಗ ಎಫ್‌ಎಸ್‌ಎಸ್‌ಎಐ ಅದನ್ನ ಬಂದ್ ಮಾಡ್ಯದ. ಪ್ಯಾಕೆಟ್ ಸಿಗಲಿಲ್ಲಾಂದ್ರ ಒಂದು ಲೀಟರ್ ಕುಡಿಯೋ ನೀರಿಗೆ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಮಟ್ಟಸ ಇರ್ಲಿ, ಗುಡ್ಡಿ ಹಾಕಬ್ಯಾಡ್ರಿ.

ಇನ್ನ ಫೋನ್. ಆ್ಯಪಿನ್ಯಾಗ 42 ಅಂತ ಇದ್ರ ಅದು ನೆರಳಿನ ಲೆಕ್ಕ. ಹವಾಮಾನ ಇಲಾಖೆಯವರು ಥರ್ಮಾಮೀಟರ್‌ನ ಗಾಳಿ ಆಡೋ ಪೆಟ್ಟಿಗಿ ಒಳಗ ಇಟ್ಟು ಅಳೀತಾರ. ನೀವು ನಿಂತಿರೋದು ಬಯಲಾಗ, ಅಲ್ಲಿ ಮೈಗೆ ಹತ್ತೋ ಕಾವು ಇನ್ನೂ ಹೆಚ್ಚು.

ಸಂಜಿ ತಂಪೊತ್ತು ಅಂತ ಯಾದಗಿರಿ ಕೋಟಿ ಹತ್ತಾಕ ಹೋಗ್ತಾರ. ಕೋಟಿ ಇರೋದು ಬಂಡಿ ಮ್ಯಾಲ. ಬಂಡಿ ಹಗಲೆಲ್ಲಾ ಕಾದು ಸಂಜಿಗೆ ಬಿಸಿ ಉಗುಳ್ತದ, ಕೈ ಇಟ್ಟು ನೋಡ್ರಿ. ದಿನದಾಗ ಕಡಿಮಿ ಉಷ್ಣತೆ ಇರೋದು ಸೂರ್ಯ ಹುಟ್ಟೋ ಹೊತ್ತಿಗೆ. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಫೋಟೋ ಹಿಡಿಯಾಕೂ ಬೆಳಕು ಅವಾಗೇ ಚಂದ.

ಭೀಮಾದಾಗ ಈಸಾಕ ಹೋಗೋರಿಗೆ ಒಂದು ಮಾತು: ಬ್ಯಾಸಿಗ್ಯಾಗ ನೀರು ಮೊಣಕಾಲ ಮಟ ಕಾಣ್ತದ, ಮರಳು ತೆಗೆದಲ್ಲಿ ಗುಂಡಿ ಬಿದ್ದಿರ್ತಾವ. ಈಸು ಬರದವರು ದಂಡಿ ಬಿಡಬ್ಯಾಡ್ರಿ.

ಈ ಭಾನುವಾರ ನಾವು ಐದಾರು ಮಂದಿ ಕೋಟಿ ಹತ್ತೋರು. ಮುಂಜಾನಿ ಐದೂವರೆಗೆ ಕೆಳಗ ಸೇರೋದು, ಎಂಟರೊಳಗ ಇಳಿಯೋದು. ತಲಿಗೆ ಟವಲ್, ತಲಾ ಎರಡು ಲೀಟರ್ ನೀರು. ನನ್ನ ಬಾಟ್ಲಿ ಕೇಳಬ್ಯಾಡ್ರಿ.